ಸವಣೂರಿಗೆ ಬಂದಾಗ ಬುಸ್ಸಿ ಗವರ್ನರ್ ಆಗಿದ್ದನೇನ್ರಿ?

ಸವಣೂರ ಓದುಗ:
1756ರ ಸವಣೂರು ಮುತ್ತಿಗೆ ಬಗ್ಗೆ ಶಾಲೆಯ ಗೋಡೆಪತ್ರಿಕೆಗೆ ಬರಿಯೂದದ. ಒಂದ್ ಕಡೆ ‘ಫ್ರೆಂಚ್ ಗವರ್ನರ್ ಬುಸ್ಸಿ’ ಅಂತದ, ಇನ್ನೊಂದ್ ಕಡೆ ‘ನಿಜಾಮನ ಸೇನಾಧಿಕಾರಿ’ ಅಂತದ. ಖರೆ ಯಾವುದು? ಗೆದ್ದ ಮ್ಯಾಲೂ ಅವನನ್ನ ನೌಕರಿಯಿಂದ ತಗದ್ರಂತ, ಯಾಕ?

ಕೋಟಿ ಕಂದಕ:
ಎರಡನೇದೇ ಬರೀರಿ. ಆಗ ಪುದುಚೇರಿ ಗವರ್ನರ್ ದ ಲೇರಿ. ಬುಸ್ಸಿ 1751ರಿಂದ ಹೈದರಾಬಾದಿನ ನಿಜಾಮ ಸಲಾಬತ್ ಜಂಗನ ಜೊತಿಗಿದ್ದ ಫ್ರೆಂಚ್ ಪಡೆಯ ಮುಖ್ಯಸ್ಥ. ಪಡೆಯ ಪಗಾರಕ್ಕಂತ 1753ರಾಗ ಉತ್ತರ ಸರ್ಕಾರ್‌ಗಳ (ಈಗಿನ ಆಂಧ್ರದ ಕರಾವಳಿ ಸೀಮೆ) ಕಂದಾಯ ಬರಕೊಂಡಿದ್ದ. ಅವನ ಜೋರೆಲ್ಲಾ ನಿಂತದ್ದು ಆ ರೊಕ್ಕದ ಮ್ಯಾಲ.

ಸವಣೂರಾಗ ನವಾಬ ಅಬ್ದುಲ್ ಹಕೀಮ್ ಖಾನನ ಕಡೆ ಗುತ್ತಿಯ ಮುರಾರಿರಾವ್ ಘೋರ್ಪಡೆ, ಪೇಶ್ವೆಯನ್ನ ಬಿಟ್ಟು ಬಂದ ಮುಜಫರ್ ಖಾನ್ ಗಾರ್ದಿ ಇದ್ರು. ಈ ಗಾರ್ದಿ ಮೊದಲು ಬುಸ್ಸಿ ಕೈಯಾಗೇ ಪಳಗಿದಾಂವ! ಎದುರಿಗೆ ಪೇಶ್ವೆ ಬಾಳಾಜಿ ಬಾಜಿರಾವ್, ಸಲಾಬತ್ ಜಂಗ್. ಅವರ ತೋಪಿನ ಬಲ ಅಂದ್ರ ಬುಸ್ಸಿ.

ತಗದದ್ದಕ್ಕ ಕಾರಣ ಒಂದು ಸಾಲಪತ್ರ. ಫ್ರೆಂಚರಿಂದ ಮುರಾರಿರಾವ್‌ಗೆ ಹಳೇ ಬಾಕಿ ಬರಬೇಕಿತ್ತು. ಬುಸ್ಸಿ ನಡುವ ನಿಂತು ಸಂಧಾನ ಮಾಡಿಸಿದ, ಮುರಾರಿರಾವ್ ಪತ್ರ ಬಿಟ್ಟುಕೊಟ್ಟ. ನಿಜಾಮನ ದಿವಾನ ಶಾಹ್ ನವಾಜ್ ಖಾನ್‌ಗೆ ಅಷ್ಟೇ ಸಾಕಾತು. ‘ನಿಮ್ಮ ಕೆಲಸ ಕೆಡಿಸಿ ತನ್ನ ಲೆಕ್ಕ ತೀರಿಸ್ಕೊಂಡ’ ಅಂತ ಸಲಾಬತ್ ಜಂಗನ ಕಿವಿ ಚುಚ್ಚಿದ.

ಧಾರವಾಡ ಪೇಢೆ:
ಮುಂದಿಂದು ಬಿಡಬ್ಯಾಡ್ರಿ. ಬುಸ್ಸಿ ಹೈದರಾಬಾದಿಗೆ ಹೋಗಿ ಚಾರ್ ಮಹಲ್‌ನಾಗ ತಳ ಊರಿದ. ಸಲಾಬತ್ ಜಂಗ್ ಮದ್ರಾಸಿನ ಇಂಗ್ಲಿಷರ ಪಡೆ ಕೇಳಿದ್ದ. ಆದ್ರ ಜೂನ್‌ನಾಗ ಕಲಕತ್ತಾ ಸಿರಾಜುದ್ದೌಲನ ಪಾಲಾತು, ಮದ್ರಾಸಿನ ಸೈನ್ಯ ಬಂಗಾಳಕ್ಕ ತಿರುಗಿತು. ಆಗಸ್ಟ್‌ನಾಗ ಮಚಲೀಪಟ್ಟಣದ ಕಡಿಯಿಂದ ಫ್ರೆಂಚ್ ಕುಮಕು ಬಂದ ಮ್ಯಾಲ ಬುಸ್ಸಿಗೆ ಮತ್ತ ಅದೇ ಹುದ್ದೆ.

ಸವಣೂರ ಓದುಗ:
ಹಂಗಾದ್ರ ಗವರ್ನರ್ ಆದದ್ದು ಯಾವಾಗ್ರಿ?

ಕೋಟಿ ಕಂದಕ:
ಮುಪ್ಪಿನಾಗ. 1758ರಾಗ ಫ್ರೆಂಚ್ ಸೇನಾಪತಿ ಲಾಲಿ ಅವನನ್ನ ದಖ್ಖನ್ನಿನಿಂದ ಕರಿಸ್ಕೊಂಡ. 22 ಜನವರಿ 1760ರಂದು ವಂದವಾಸಿಯಾಗ ಇಂಗ್ಲಿಷರ ಕೈಗೆ ಸೆರೆ ಸಿಕ್ಕ. ಎರಡನೇ ಸಲ ಬಂದಿಳಿದದ್ದು 1783ರ ಮಾರ್ಚ್‌ನಾಗ, ಗವರ್ನರ್ ಆದದ್ದು ಈ ಸಲ. ಹೈದರ್ ಅಲಿ ಅಷ್ಟೊತ್ತಿಗೆ ತೀರಿದ್ದ, ಹಿಂಗಾಗಿ ‘ಹೈದರನ ಜೊತೆ ಕೂಡಿ ಕಾದಿದ’ ಅನ್ನೂದು ತಪ್ಪು. ಜೂನ್‌ನಾಗ ಕಡಲೂರಿನ ಕಾಳಗ, ಅದರ ಬೆನ್ನಿಗೇ ಯುರೋಪಿನಾಗ ಇಂಗ್ಲಿಷರು-ಫ್ರೆಂಚರ ನಡುವ ಶಾಂತಿ ಆದ ಸುದ್ದಿ. ಮಂಗಳೂರಾಗ ಟಿಪ್ಪುವಿನ ಜೊತಿಗಿದ್ದ ಫ್ರೆಂಚರೂ ಹಿಂದ ಸರದ್ರು. 1785ರ ಜನವರಿಯಾಗ ಪುದುಚೇರಿಯಾಗೇ ತೀರಿಕೊಂಡ.

ಮರಾಠಿ ಕಾಗದಪತ್ರ ಹುಡುಕೋದಿದ್ರ ‘ಮುಸಾ ಬುಸಿ’ ಅಂತ ನೋಡ್ರಿ. ಮುಸಾ ಅಂದ್ರ ಮುಸಲ್ಮಾನರ ಹೆಸರಲ್ಲ, ಫ್ರೆಂಚರ ‘ಮೊಸ್ಯೂ’ (ನಮ್ಮ ‘ಶ್ರೀ’ ಇದ್ದಂಗ).