‘ಸಿಕಲ್ ಸೆಲ್ ಟ್ರೇಟ್’ ಇರುವ ಮಕ್ಕಳು ಮತ್ತು ಅವರ ಕಿಡ್ನಿ: ಯಾವ ಪದ ಬಳಸಬೇಕು?

ಮಾನ್ಯರೆ,

ತೀರ್ಥಹಳ್ಳಿ, ಹೊಸನಗರ ಕಡೆಯ ಆಶ್ರಮ ಶಾಲೆಗಳ ಶಿಕ್ಷಕರಿಗೂ ಮಕ್ಕಳ ತಾಯ್ತಂದೆಯರಿಗೂ ಕೊಡುವುದಕ್ಕೆಂದು ಸಿಕಲ್ ಸೆಲ್ ಕುರಿತ ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ರಕ್ತದ ಕೆಂಪುಕಣಗಳು ಕುಡುಗೋಲಿನಂತೆ ಬಾಗುವ, ತಂದೆತಾಯಿಯಿಂದ ಬರುವ ಈ ರೋಗಕ್ಕೆ ‘ಕುಡುಗೋಲು ಕಣ ರಕ್ತಹೀನತೆ’ ಎಂಬ ಹೆಸರು ಬಳಕೆಯಲ್ಲಿದೆ, ಅದರ ಬಗ್ಗೆ ತಕರಾರಿಲ್ಲ. ತೊಡಕಿರುವುದು ‘ಟ್ರೇಟ್’ ಎಂಬ ಪದದಲ್ಲಿ, ಅಂದರೆ ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಇದರ ವಂಶವಾಹಿ (ಜೀನ್) ಬಂದಿರುವ ಸ್ಥಿತಿಯನ್ನು ಹೆಸರಿಸುವಲ್ಲಿ.

‘ಲಕ್ಷಣ’ ಎಂದರೆ ಓದುವವರು ರೋಗಲಕ್ಷಣವೆಂದೇ ತಿಳಿಯುತ್ತಾರೆ. ‘ಗುಣ’ ಎಂದು ಬರೆದರೆ, ಜ್ವರ ಗುಣವಾಯಿತು ಎಂದು ದಿನವೂ ಆಡುವ ನಮ್ಮ ಜನಕ್ಕೆ ಕಾಯಿಲೆ ವಾಸಿಯಾಗಿದೆ ಎಂಬ ವಿರುದ್ಧಾರ್ಥವೇ ತೋರಬಹುದು. ಉಳಿದದ್ದು ‘ವಾಹಕ’. ಆದರೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗುರುತಾದ ಮೇಲೆ ಮಲೆನಾಡಿನಲ್ಲಿ ವಾಹಕವೆಂದರೆ ರೋಗ ಹರಡುವ ಉಣುಗು ಎಂಬ ಅರ್ಥವೇ ಮುಂದಾಗಿ ನಿಂತಿದೆ. ಅದೇ ಪದವನ್ನು ಮಗುವಿಗೆ ಹಚ್ಚಿದರೆ, ಯಾರಿಗೂ ಅಂಟದ ಈ ಸ್ಥಿತಿಯನ್ನು ಅಂಟುರೋಗವೆಂದು ಭಾವಿಸಿ ಹಾಸ್ಟೆಲಿನಲ್ಲಿ ಆ ಮಗುವಿನ ಹಾಸಿಗೆಯನ್ನು ಬೇರೆ ಹಾಕಿಸುವವರೂ ಇರಬಹುದೆಂಬ ಆತಂಕ ನನಗಿದೆ.

‘ವಾಹಕ’ ಎಂಬುದಕ್ಕೆ ನನ್ನ ಇನ್ನೊಂದು ಆಕ್ಷೇಪವಿದೆ, ಅದೇ ಮುಖ್ಯವಾದದ್ದು. ಮಗು ವಂಶವಾಹಿಯನ್ನು ಹೊತ್ತಿದೆಯಷ್ಟೇ, ಅದರಿಂದ ಮಗುವಿಗೆ ಏನೂ ಆಗದು ಎಂಬ ಧ್ವನಿ ಆ ಪದದಲ್ಲಿದೆ. ಈ ಮಕ್ಕಳಿಗೆ ಸಾಮಾನ್ಯವಾಗಿ ರಕ್ತಹೀನತೆಯಾಗಲಿ, ರೋಗವಿರುವವರಿಗೆ ಬರುವಂಥ ತೀವ್ರ ನೋವಾಗಲಿ ಇರುವುದಿಲ್ಲ. ಕಿಡ್ನಿಯ ಕೆಲಸವನ್ನು ಅಳೆಯಲು ನೋಡುವ ರಕ್ತದ ಕ್ರಿಯಾಟಿನಿನ್ ಕೂಡ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆದರೆ ಕಿಡ್ನಿಯ ಒಳಭಾಗವಾದ ಮೆಡುಲ್ಲಾದಲ್ಲಿ ಆಮ್ಲಜನಕ ಕಡಿಮೆಯಿದ್ದು ಲವಣಾಂಶವೂ ಆಮ್ಲೀಯತೆಯೂ ಹೆಚ್ಚಿರುವುದರಿಂದ, ದೇಹದ ಬೇರೆಡೆ ದುಂಡಗೇ ಉಳಿಯುವ ಕೆಂಪುಕಣಗಳು ಅಲ್ಲಿ ಬಾಗಿ, ಸಣ್ಣ ರಕ್ತನಾಳಗಳಿಗೆ ತಡೆಯೊಡ್ಡಬಹುದು. ಇದರಿಂದ ಮೂತ್ರದಲ್ಲಿನ ನೀರನ್ನು ದೇಹಕ್ಕೆ ಮರಳಿ ಪಡೆಯುವ ಸಾಮರ್ಥ್ಯ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದು ರಕ್ತದಲ್ಲಿ ಎಸ್ ಹಿಮೋಗ್ಲೋಬಿನ್ನಿನ (ಕಣಗಳನ್ನು ಬಾಗಿಸುವ ಬಗೆಯ ಹಿಮೋಗ್ಲೋಬಿನ್) ಪಾಲು ಎಷ್ಟೆಂಬುದನ್ನು ಅವಲಂಬಿಸಿದೆ; ಜೊತೆಗೆ ಆಲ್ಫಾ ಥಲಸೀಮಿಯಾ (ಹಿಮೋಗ್ಲೋಬಿನ್ನಿನ ಇನ್ನೊಂದು ವಂಶಪಾರಂಪರ್ಯ ದೋಷ) ಇರುವವರಲ್ಲಿ ಆ ಪಾಲೂ ಕಡಿಮೆ, ತೊಂದರೆಯೂ ಕಡಿಮೆ. ಕೆಲವರಿಗೆ ನೋವಿಲ್ಲದೆಯೇ ಮೂತ್ರದಲ್ಲಿ ರಕ್ತ ಹೋಗುತ್ತದೆ. ಕಿಡ್ನಿಯ ಮೆಡುಲ್ಲಾದ ಕ್ಯಾನ್ಸರ್ ತೀರಾ ಅಪರೂಪವಾದರೂ ಅದು ಹೆಚ್ಚಾಗಿ ಈ ಸ್ಥಿತಿಯುಳ್ಳ ಎಳೆಯರಲ್ಲೇ ಕಾಣುವುದರಿಂದ, ಮೂತ್ರ ಕೆಂಪಾದರೆ ‘ಉಷ್ಣ’ವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಲೇಬೇಕು. ಮಗು ಮತ್ತೆ ಮತ್ತೆ ನೀರು ಕೇಳಿದರೆ, ಪಾಠದ ನಡುವೆ ಮೂತ್ರಕ್ಕೆ ಎದ್ದರೆ, ಶಿಕ್ಷಕರು ಗದರಬಾರದು.

ಹಾಗಾಗಿ ನಾನು ಸದ್ಯಕ್ಕೆ ‘ಒಂದುಪಾಲಿನ ಸಿಕಲ್ ಸೆಲ್’ ಎಂದು ಬರೆದಿದ್ದೇನೆ. ಇಬ್ಬರಿಂದಲೂ ಬಂದು ರೋಗವಾಗಿರುವುದು ‘ಎರಡುಪಾಲಿನದು’. ಹಿರಿಯರಿಂದ ಬಂದದ್ದಕ್ಕೆ ಪಾಲು ಎನ್ನುವುದು ಎಲ್ಲರಿಗೂ ತಿಳಿದ ಮಾತು. ತಂದೆತಾಯಿ ಇಬ್ಬರಲ್ಲೂ ಒಂದೊಂದು ಪಾಲು ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಪಾಲು ಬರುವ ಸಾಧ್ಯತೆ ನೂರಕ್ಕೆ 25 ಎಂದು ವಿವರಿಸುವುದೂ ಇದರಿಂದ ಸುಲಭವಾಗುತ್ತದೆ. ಈ ಬಳಕೆ ನಿಮಗೆ ಸರಿಯೆನಿಸುತ್ತದೆಯೇ?

ಎರಡನೆಯ ಪ್ರಶ್ನೆ ಕಿಡ್ನಿಯ ಆ ಕೆಲಸದ ಹೆಸರಿನದು. ‘ಮೂತ್ರವನ್ನು ಗಟ್ಟಿಮಾಡುವ ಶಕ್ತಿ’ ಎಂದರೆ ಮೂತ್ರ ಕಟ್ಟುವುದೆಂದು ಹೆದರುತ್ತಾರೆ. ‘ನೀರು ನಿಲ್ಲಿಸಿಕೊಳ್ಳುವ ಶಕ್ತಿ’ ಎಂದರೆ ಮೈಯಲ್ಲಿ ನೀರು ತುಂಬಿ ಊದಿಕೊಳ್ಳುವುದು ನೆನಪಾಗುತ್ತದೆ. ‘ಸಾಂದ್ರೀಕರಣ’ ಶಿಕ್ಷಕರಿಗೆ ಸಲ್ಲಬಹುದು, ತಾಯಂದಿರಿಗೆ ಸಲ್ಲದು. ‘ನೀರನ್ನು ಮರಳಿ ಹೀರಿಕೊಳ್ಳುವ ಶಕ್ತಿ’ ಎಂಬುದಕ್ಕಿಂತ ಚಿಕ್ಕ ಮಾತು ನನಗೆ ಹೊಳೆದಿಲ್ಲ. ಭಾರತದಲ್ಲಿ ಕುಡುಗೋಲಿನಂತೆ ಬಾಗುವ ಈ ಕೆಂಪುಕಣಗಳು ಮೊದಲು ಗುರುತಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಆ ಬೆಟ್ಟಗಳಿಗೆ ಹತ್ತಿರವಿರುವ ಚಾಮರಾಜನಗರ, ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಆಶಾ ಕಾರ್ಯಕರ್ತೆಯರು ‘ಟ್ರೇಟ್’, ಕಿಡ್ನಿಯ ಈ ಕೆಲಸ ಇವೆರಡನ್ನೂ ಯಾವ ಮಾತಿನಲ್ಲಿ ಹೇಳುತ್ತಾರೆಂಬುದು ಬಲ್ಲವರು ದಯವಿಟ್ಟು ತಿಳಿಸಬೇಕು.