ಉತ್ಪಾದನೆ ಕುಸಿದದ್ದರಿಂದಲೇ ಪೂರ್ವ ಯುರೋಪಿನ ಗಾಳಿ ತಿಳಿಯಾಯಿತೇ?

ಪ್ರಶ್ನೆ:
1989ರ ನಂತರ ಯೋಜಿತ ಅರ್ಥವ್ಯವಸ್ಥೆಯಿಂದ ಮಾರುಕಟ್ಟೆಯ ಕಡೆಗೆ ಹೊರಳಿದ ಪೂರ್ವ ಯುರೋಪಿನ ದೇಶಗಳಲ್ಲಿ ಕೈಗಾರಿಕಾ ಉತ್ಪಾದನೆಯ ಜೊತೆಗೆ ವಾಯುಮಾಲಿನ್ಯವೂ ಇಳಿಯಿತು ಎಂದು ಓದಿದ್ದೇನೆ. ಹಾಗಿದ್ದರೆ ಉತ್ಪಾದನೆ ಚೇತರಿಸಿಕೊಂಡಾಗ ಮಾಲಿನ್ಯವೂ ಮತ್ತೆ ಏರಬೇಕಿತ್ತಲ್ಲವೇ? ಇವೆರಡರ ನಂಟು ಎಷ್ಟು ಬಿಗಿಯಾದದ್ದು?

ಉತ್ತರ 1:
ಮೊದಲ ಕೆಲವು ವರ್ಷ ನಂಟು ಬಿಗಿಯಾಗಿತ್ತು, ಆಮೇಲೆ ಸಡಿಲವಾಯಿತು. ಜೆಕ್ ಗಣರಾಜ್ಯವನ್ನೇ ನೋಡಿ. ಅದರ ಉತ್ತರ ಬೊಹೀಮಿಯಾ ಪ್ರದೇಶ, ಜರ್ಮನಿಯ ಸ್ಯಾಕ್ಸನಿ ಮತ್ತು ಪೋಲೆಂಡಿನ ಲೋವರ್ ಸೈಲೀಷಿಯಾ ಕೂಡುವ ಗಡಿಭಾಗಕ್ಕೆ ‘ಕಪ್ಪು ತ್ರಿಕೋನ’ ಎಂಬ ಹೆಸರೇ ಬಿದ್ದಿತ್ತು. ಗಂಧಕ ಹೆಚ್ಚಿರುವ ಲಿಗ್ನೈಟ್ (ಕಂದು ಕಲ್ಲಿದ್ದಲು) ಉರಿಸುತ್ತಿದ್ದ ವಿದ್ಯುತ್ ಸ್ಥಾವರಗಳ ಹೊಗೆಗೆ ಅಲ್ಲಿನ ಬೆಟ್ಟಗಳ ಸ್ಪ್ರೂಸ್ ಕಾಡುಗಳು ನಿಂತಲ್ಲೇ ಒಣಗಿದ್ದವು. 1990ರಲ್ಲಿ ಸುಮಾರು 19 ಲಕ್ಷ ಟನ್ ಇದ್ದ ಜೆಕ್ ಗಣರಾಜ್ಯದ ಸಲ್ಫರ್ ಡೈಆಕ್ಸೈಡ್ (ಗಂಧಕ ಉರಿದಾಗ ಹುಟ್ಟುವ ಅನಿಲ) ಹೊರಸೂಸುವಿಕೆ 2000ದ ಹೊತ್ತಿಗೆ 3 ಲಕ್ಷ ಟನ್ನಿಗಿಂತ ಕೆಳಗಿಳಿಯಿತು. ಆರಂಭದ ಇಳಿಕೆಯಲ್ಲಿ ಕಾರ್ಖಾನೆಗಳ ಮುಗ್ಗಟ್ಟಿನ ಪಾಲಿದೆ ಎಂಬುದು ನಿಜ. ಆದರೆ ಬಹು ದೊಡ್ಡ ಇಳಿಕೆ ಕಂಡದ್ದು ಉತ್ಪಾದನೆ ತಳ ಮುಟ್ಟಿ ಮೇಲೆದ್ದು ವರ್ಷಗಳೇ ಕಳೆದ ಮೇಲೆ, 1996ರಿಂದ 1999ರ ನಡುವೆ. ಹೊರಸೂಸುವಿಕೆ ತಗ್ಗಿಸಲು 1991ರ ಕಾನೂನು ಸ್ಥಾವರಗಳಿಗೆ 1998ರ ಕೊನೆಯವರೆಗೆ ಗಡುವು ಕೊಟ್ಟಿತ್ತು, ಹೊಗೆಯಿಂದ ಗಂಧಕ ತೆಗೆಯುವ ಯಂತ್ರಗಳು ಬಂದದ್ದು ಅದರ ಒತ್ತಡದಿಂದ. ಈ ಕಾನೂನಿಗೆ ಸಲ್ಲಬೇಕಾದ ಗೌರವವನ್ನು ಆರ್ಥಿಕ ಕುಸಿತದ ಲೆಕ್ಕಕ್ಕೆ ಬರೆಯುವುದು ತಪ್ಪೆಂದು ನಾನು ಬಲವಾಗಿ ನಂಬಿದ್ದೇನೆ.

ಉತ್ತರ 2:
ಮೇಲಿನ ಮಾತು ಒಪ್ಪುವಂಥದ್ದೇ, ಆದರೆ ರಷ್ಯಾದ ಕಥೆ ಬೇರೆ. 1990ರಿಂದ 1998ರ ನಡುವೆ ಅಲ್ಲಿನ ಕೈಗಾರಿಕಾ ಉತ್ಪಾದನೆ ಸರಿಸುಮಾರು ಅರ್ಧಕ್ಕೆ ಇಳಿದರೂ ಹೊಗೆ ಅಷ್ಟೇ ಪ್ರಮಾಣದಲ್ಲಿ ಇಳಿಯಲಿಲ್ಲ. ಹೆಚ್ಚು ನೆಲಕಚ್ಚಿದ್ದು ಜವಳಿಯಂತಹ ಹಗುರ ಉದ್ಯಮಗಳು. ರಫ್ತಿನ ಬೇಡಿಕೆಯಿದ್ದ ಲೋಹ ಮತ್ತು ಇಂಧನ ವಲಯಗಳು ಹೆಚ್ಚು ಗಟ್ಟಿಯಾಗಿ ನಿಂತವು. ಉದಾಹರಣೆಗೆ, ಸೈಬೀರಿಯಾದ ನೊರಿಲ್ಸ್ಕ್ ನಗರದ ಹೊಗೆಯುಗುಳುವ ಹಳೆಯ ನಿಕಲ್ ಕಾರ್ಖಾನೆ ಮುಚ್ಚಿದ್ದು 2016ರಲ್ಲಷ್ಟೇ. ಆದ್ದರಿಂದ ಒಟ್ಟು ಉತ್ಪಾದನೆಯ ಸೂಚ್ಯಂಕವೊಂದನ್ನೇ ಹಿಡಿದು ಮಾಲಿನ್ಯವನ್ನು ಅಳೆಯಲಾಗದು, ಯಾವ ಉದ್ಯಮ ಉಳಿಯಿತು ಎಂದು ಕೇಳಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಪೋಲೆಂಡಿನ ನಗರಗಳಲ್ಲಿ ಚಳಿಗಾಲದ ಹೊಗೆಮಂಜು ಇಷ್ಟು ಕಾಲ ಉಳಿದದ್ದೇಕೆ?

ಉತ್ತರ 1:
ಅದರ ಮುಖ್ಯ ಮೂಲ ಕಾರ್ಖಾನೆಯಲ್ಲ, ಮನೆಯ ಒಲೆ. ಎತ್ತರದ ಚಿಮಣಿಗೆ ಶೋಧಕ ಹಾಕಿಸಬಹುದು. ಮನೆಮನೆಯಲ್ಲೂ ಕಲ್ಲಿದ್ದಲು ಉರಿಯುವಾಗ ಸೂಕ್ಷ್ಮ ಕಣಗಳು ಉಸಿರಾಡುವ ಮಟ್ಟದಲ್ಲೇ ತುಂಬಿಕೊಳ್ಳುತ್ತವೆ, ಅವು ಉತ್ಪಾದನೆಯ ಅಂಕಿಅಂಶಗಳಲ್ಲಿ ಕಾಣುವುದೇ ಇಲ್ಲ. ಕ್ರಾಕೋವ್ ನಗರ ಕಲ್ಲಿದ್ದಲು ಮತ್ತು ಸೌದೆ ಉರಿಸುವುದನ್ನು ನಿಷೇಧಿಸಿದ್ದು 2019ರ ಸೆಪ್ಟೆಂಬರಿನಲ್ಲಿ, ಅಂದರೆ ಬದಲಾವಣೆ ಶುರುವಾಗಿ 30 ವರ್ಷಗಳಾದ ಮೇಲೆ.