ಮೇಪಲ್ ಪಾಕವೂ ನಮ್ಮ ಜೋನಿ ಬೆಲ್ಲವೂ: ಆಯಿ, ಅಪ್ಪಯ್ಯನನ್ನು ಕರೆದುಕೊಂಡು ಕೆನಡಾಕ್ಕೆ ಹೋದರೆ ಏನನ್ನು ತೋರಿಸಬೇಕು?

ಬೆಟ್ಟದಂಚು (ಶಿರಸಿ ತಾಲೂಕು) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಒಟ್ಟಾವಾದಲ್ಲಿ ನೆಲೆಸಿ ಆರು ವರ್ಷಗಳಾದವು. ಬರುವ ಮಾರ್ಚ್ ತಿಂಗಳಲ್ಲಿ ಆಯಿ ಮತ್ತು ಅಪ್ಪಯ್ಯನನ್ನು ಕರೆದುಕೊಂಡು ಅವಳ ಮನೆಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಅಪ್ಪಯ್ಯನಿಗೆ 72 ವರ್ಷ, ಆಯಿಗೆ 67. ಅಡಿಕೆ ಕೊಯ್ಲು, ಸುಲಿತ ಎಲ್ಲ ಮುಗಿದು, ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಮನೆಯ ಆಲೆಮನೆಯ ಕೆಲಸವೂ ಮುಗಿದ ಮೇಲಷ್ಟೇ ಹೊರಡುವುದೆಂದು ಅವರಿಬ್ಬರೂ ಹಟ ಹಿಡಿದದ್ದರಿಂದ ಮಾರ್ಚ್ ಎಂಬುದು ಅವರೇ ಗೊತ್ತುಮಾಡಿದ ಕಾಲ.

ತಂಗಿ ಕಳಿಸಿದ ಪಟ್ಟಿಯಲ್ಲಿ ನಯಾಗರಾ ಜಲಪಾತ, ಟೊರಾಂಟೋದ ಎತ್ತರದ ಗೋಪುರ, ಎರಡು ದೊಡ್ಡ ಮಾಲ್‌ಗಳು ಇವೆ. ಅಪ್ಪಯ್ಯ ಅದನ್ನು ಪೂರ್ತಿಯಾಗಿ ಓದಿ, ಜಲಪಾತವನ್ನು ಉಂಚಳ್ಳಿಯಲ್ಲಿ ನೋಡಿದ್ದಾಗಿದೆ, ಅಲ್ಲಿಯ ಜನ ಏನು ಬೆಳೆಯುತ್ತಾರೆ, ಹಿಂದೆ ಹೇಗೆ ಬದುಕುತ್ತಿದ್ದರು ಎಂಬುದನ್ನು ತೋರಿಸುವುದಾದರೆ ಬರುತ್ತೇನೆ ಎಂದರು. ಆಯಿಯದು ಒಂದೇ ಕುತೂಹಲ. ಅಲ್ಲಿ ಮೇಪಲ್ ಎಂಬ ಮರದ ನೀರನ್ನು ಕುದಿಸಿ ಬೆಲ್ಲದ ಪಾಕ ಮಾಡುತ್ತಾರೆಂದು ತಂಗಿ ಹೇಳಿದ್ದನ್ನು ಕೇಳಿದಂದಿನಿಂದ, ಅದು ನಮ್ಮ ಕಡೆಯ ಜೋನಿ ಬೆಲ್ಲದಂತೆಯೇ (ನೀರು ಬೆಲ್ಲದಂತೆಯೇ) ಇರುತ್ತದೆಯೇ, ಹದ ನೋಡುವುದು ಹೇಗೆ, ಅದಕ್ಕೂ ಸುಣ್ಣ ಹಾಕುತ್ತಾರೆಯೇ ಎಂದು ಕೇಳುತ್ತಲೇ ಇದ್ದಾರೆ. ನಲವತ್ತು ವರ್ಷ ಆಲೆಮನೆಯಲ್ಲಿ ಹದ ನೋಡಿದವರ ಪ್ರಶ್ನೆಗೆ ಅಂಗಡಿಯ ಸೀಸೆ ತೋರಿಸಿ ಉತ್ತರ ಹೇಳಲು ನನಗೆ ಮನಸ್ಸಿಲ್ಲ.

ಒಟ್ಟಾವಾ, ಮಾಂಟ್ರಿಯಲ್, ಕ್ವಿಬೆಕ್ ಸುತ್ತಮುತ್ತ ವಯಸ್ಸಾದವರು ನಿಧಾನವಾಗಿ ನಡೆದು ನೋಡಬಹುದಾದ, ಆ ನೆಲದ ಬದುಕನ್ನು ತೋರಿಸುವ ಸ್ಥಳಗಳು ಯಾವುವು? ನಾವು ಶುದ್ಧ ಸಸ್ಯಾಹಾರಿಗಳು ಎಂಬುದನ್ನೂ ಗಮನದಲ್ಲಿಟ್ಟು ತಿಳಿದವರು ಹೇಳಬೇಕಾಗಿ ವಿನಂತಿ.

ಯಲ್ಲಾಪುರದವಳು (ಈಗ ಮಾಂಟ್ರಿಯಲ್) ಬರೆದ ಉತ್ತರ

ನಮಸ್ಕಾರ. ನಾನೂ ಕೊಪ್ಪರಿಗೆಯ ಉಗಿಯ ನಡುವೆ ಬೆಳೆದವಳು. ಇಲ್ಲಿಗೆ ಬಂದು ಹನ್ನೊಂದು ವರ್ಷಗಳಾದವು. ಆದ್ದರಿಂದ ಮೊದಲು ನಿಮ್ಮ ಆಯಿಯವರ ಪ್ರಶ್ನೆಗೇ ಉತ್ತರಿಸುತ್ತೇನೆ.

ಜೋನಿ ಬೆಲ್ಲದ ಹಾಗೆಯೇ ಇದೂ ಗಟ್ಟಿಯಾಗುವುದಕ್ಕೆ ಬಿಡದೆ ಇಳಿಸುವ ಪಾಕ. ಆದರೆ ಅದಕ್ಕಿಂತ ಸಾಕಷ್ಟು ತೆಳು. ನಿಜವಾದ ಭೇದ ಇರುವುದು ರಸದಲ್ಲಿ. ಕಬ್ಬಿನ ಹಾಲು ನಾಲಿಗೆಗೆ ತಾಗಿದ ಕೂಡಲೇ ಸಿಹಿ. ಮೇಪಲ್ ಮರದ ರಸವಾದರೋ ನೋಡಲು ತಿಳಿನೀರು, ಕುಡಿದರೆ ಎಲ್ಲೋ ಒಂದಿಷ್ಟು ಸಿಹಿಯ ನೆನಪು. ಅದರಲ್ಲಿರುವ ಸಕ್ಕರೆ ಶೇಕಡಾ 2ರಿಂದ 3 ಮಾತ್ರ. ಹೀಗಾಗಿ ಒಂದು ಲೀಟರ್ ಪಾಕ ಇಳಿಸಲು ಸುಮಾರು 40 ಲೀಟರ್ ರಸವನ್ನು ಕುದಿಸಬೇಕಾಗುತ್ತದೆ. ಆ ಒಲೆಗೆ ಎಷ್ಟು ಕಟ್ಟಿಗೆ ಬೇಕಾದೀತು ಎಂಬುದನ್ನು ಆಲೆಮನೆ ನಡೆಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈಗ ದೊಡ್ಡ ತೋಟಗಳಲ್ಲಿ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆ ಎಳೆದು ರಸವನ್ನು ನೇರವಾಗಿ ಪಾಕ ಕಾಯಿಸುವ ಮನೆಗೇ ತರುತ್ತಾರೆ, ಕುದಿಸುವ ಮೊದಲೇ ಯಂತ್ರದಿಂದ ಅರ್ಧಕ್ಕಿಂತ ಹೆಚ್ಚು ನೀರನ್ನು ಬೇರ್ಪಡಿಸುತ್ತಾರೆ. ಹಳೆಯ ಕ್ರಮದಲ್ಲಿ ಮರಕ್ಕೆ ಬಕೆಟ್ ತೂಗುಹಾಕಿ, ಕಟ್ಟಿಗೆಯ ಒಲೆಯಲ್ಲೇ ಕುದಿಸುವವರೂ ಉಳಿದಿದ್ದಾರೆ. ನೀವು ಅಂಥವರಲ್ಲಿಗೇ ಹೋಗಬೇಕು.

ರಸ ಇಳಿಯುವ ರೀತಿಯೂ ಆಯಿಯವರಿಗೆ ಇಷ್ಟವಾದೀತು. ರಬ್ಬರ್ ಹಾಲಿನ ಹಾಗೆ ಅದು ತೊಗಟೆಯಿಂದ ಬರುವುದಿಲ್ಲ. ಬೈನೆ ಮರದ ಹಾಗೆ ಹೂಗೊಂಚಲಿನಿಂದಲೂ ಅಲ್ಲ. ಕಾಂಡದಲ್ಲಿ ಬೆರಳು ತೂರದಷ್ಟು ಸಣ್ಣ ತೂತನ್ನು ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಕೊರೆದು ಒಂದು ನಳಿಗೆ ಸಿಕ್ಕಿಸುತ್ತಾರೆ. ರಾತ್ರಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿದಾಗ ಮರದ ಒಳಗಿನ ಒತ್ತಡ ಕುಸಿದು ಅದು ಬೇರಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಹಗಲು ಬಿಸಿಲು ಬಿದ್ದು ಹೆಪ್ಪು ಕರಗಿದಾಗ ಒತ್ತಡ ಏರಿ ರಸ ಹೊರಗೆ ತೊಟ್ಟಿಕ್ಕುತ್ತದೆ. ರಾತ್ರಿಯ ಹೆಪ್ಪು, ಹಗಲಿನ ಕರಗು ಎರಡೂ ಸೇರಿ ಬರುವುದು ವರ್ಷದಲ್ಲಿ ನಾಲ್ಕರಿಂದ ಆರು ವಾರ ಮಾತ್ರ, ಅದೂ ಹೆಚ್ಚಾಗಿ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ. ಮರದಲ್ಲಿ ಮೊಗ್ಗು ಬಿರಿಯಿತೆಂದರೆ ರಸದ ರುಚಿ ಕೆಡುತ್ತದೆ, ಅಲ್ಲಿಗೆ ಆ ವರ್ಷದ ಕೆಲಸ ಮುಗಿಯಿತು. ನಿಮ್ಮಲ್ಲಿ ಆಲೆಮನೆ ಮುಗಿಯುವ ಹೊತ್ತಿಗೆ ಇಲ್ಲಿ ಒಲೆ ಹೊತ್ತುತ್ತದೆ ಎಂಬುದನ್ನು ನೋಡಿದರೆ, ನಿಮ್ಮ ಹಿರಿಯರು ಆರಿಸಿದ ಕಾಲಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ.

ಹದದ ವಿಷಯ: ನೀರು ಕುದಿಯುವ ಉಷ್ಣತೆಗಿಂತ ನಾಲ್ಕು ಡಿಗ್ರಿ ಸೆಲ್ಸಿಯಸ್ ಮೇಲೆ, ಅಂದರೆ ಸುಮಾರು 104 ಡಿಗ್ರಿಯಲ್ಲಿ ಪಾಕ ಸಿದ್ಧ. ಹಳಬರು ಅಗಲವಾದ ಸೌಟನ್ನು ಅದ್ದಿ ಎತ್ತಿ, ಅಂಚಿನಲ್ಲಿ ಪಾಕ ಹನಿಯಾಗದೆ ಹಾಳೆಯಂತೆ ಜಾರುವುದನ್ನು ನೋಡಿ ಹೇಳುತ್ತಾರೆ. ಸುಣ್ಣ ಹಾಕುವುದಿಲ್ಲ. ನೊರೆ ಉಕ್ಕಿದಾಗ ಒಂದು ಚೂರು ಬೆಣ್ಣೆ ಹಾಕುವುದು ಹಿಂದಿನಿಂದ ಬಂದ ಪದ್ಧತಿ. ನೊರೆ ಕಣ್ಣೆದುರೇ ಕುಗ್ಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಈ ವಿದ್ಯೆ ಯುರೋಪಿನಿಂದ ಬಂದದ್ದಲ್ಲ. ಅನಿಶಿನಾಬೆ, ಹೊಡೆನೊಶೋನಿ ಮುಂತಾದ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯ ಪಾತ್ರೆಗಳಲ್ಲಿ ರಸ ಹಿಡಿದು ಬಳಸುತ್ತಿದ್ದುದನ್ನು ನೋಡಿಯೇ ಫ್ರೆಂಚರು ಕಲಿತರು. ಅನಿಶಿನಾಬೆ ಜನರ ಪಂಚಾಂಗದಲ್ಲಿ ರಸ ಕುದಿಸುವ ತಿಂಗಳು ಎಂದೇ ಒಂದು ತಿಂಗಳಿದೆ. ಇಂದು ಕೆನಡಾದ ಪಾಕದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಕ್ವಿಬೆಕ್ ಪ್ರಾಂತದ್ದು. ಸೀಸೆಯ ಮೇಲೆ ಕೆಂಪು ಎಲೆಯ ಚಿತ್ರವಿರುತ್ತದೆ. ಆ ಮೊದಲ ಕೈಗಳ ಹೆಸರನ್ನು ಕಾಣುವುದು ಅಪರೂಪ.

ಇನ್ನು ಊಟ. ಪಾಕ ಕಾಯಿಸುವ ಮನೆಗೆ ಇಲ್ಲಿ ಕಬಾನ್ ಆ ಸುಕ್ರ್, ಎಂದರೆ ಸಕ್ಕರೆಯ ಗುಡಿಸಲು ಎನ್ನುತ್ತಾರೆ. ಅಲ್ಲಿ ಉದ್ದನೆಯ ಮೇಜುಗಳಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಸಂಭ್ರಮ ನಮ್ಮ ಪಂಕ್ತಿಯನ್ನು ನೆನಪಿಸುವುದು ನಿಜವಾದರೂ, ಅಡುಗೆ ಹೆಚ್ಚಾಗಿ ಹಂದಿಮಾಂಸದ್ದು. ಬಟಾಣಿಯ ಸಾರು, ಬೇಯಿಸಿದ ಕಾಳು ಎಂದು ಕೇಳಿ ಮೋಸಹೋಗಬೇಡಿ. ಅವೆರಡರಲ್ಲೂ ಮಾಂಸ ಅಥವಾ ಕೊಬ್ಬು ಇರುವುದು ವಾಡಿಕೆ. ದೋಸೆಯಂತೆ ಕಾಣುವುದರಲ್ಲಿ ಮೊಟ್ಟೆಯಿರುತ್ತದೆ. ಮುಂಚಿತವಾಗಿ ಫೋನ್ ಮಾಡಿ ಕೇಳಿ, ಇಲ್ಲವೇ ಮನೆಯಿಂದ ಅವಲಕ್ಕಿ ಕಟ್ಟಿಕೊಂಡು ಹೋಗಿ. ಆದರೆ ಹಿಮದ ಮೇಲೆ ಸುರಿಯುವ ಪಾಕವನ್ನು ಮಾತ್ರ ತಪ್ಪಿಸಬೇಡಿ. ಇನ್ನೂ ಸ್ವಲ್ಪ ಗಟ್ಟಿ ಕಾಯಿಸಿದ ಪಾಕವನ್ನು ಶುಭ್ರ ಹಿಮದ ಮೇಲೆ ಗೆರೆಯಾಗಿ ಎರೆಯುತ್ತಾರೆ, ಅದು ತಟ್ಟನೆ ಬಿಗಿದುಕೊಳ್ಳುತ್ತದೆ, ಕಡ್ಡಿಗೆ ಸುತ್ತಿ ತಿನ್ನುವುದು. ಮೊದಲ ಸಲ ತಿಂದ ದಿನ ನನಗೆ ಕೊಪ್ಪರಿಗೆಯ ಅಂಚಿನಿಂದ ಅಜ್ಜಿ ಕೆರೆದು ಕೊಡುತ್ತಿದ್ದ ಬಿಸಿ ಬೆಲ್ಲ ನೆನಪಾಗಿ ಕಣ್ಣು ತುಂಬಿತ್ತು.

ಒಟ್ಟಾವಾದಿಂದ ಇಷ್ಟು ದೂರ ಬರಬೇಕೆಂದೂ ಇಲ್ಲ. ಅಲ್ಲಿಂದ ಪಶ್ಚಿಮಕ್ಕಿರುವ ಲಾನಾರ್ಕ್ ಜಿಲ್ಲೆ ಒಂಟಾರಿಯೊ ಪ್ರಾಂತದ ಮೇಪಲ್ ರಾಜಧಾನಿಯೆಂದು ಹೆಸರಾದದ್ದು.

ಕಾಳಿತೀರ (ಕಾರವಾರ) ಬರೆದ ಉತ್ತರ

ನಿಮ್ಮ ಅಪ್ಪಯ್ಯನವರ ಮಾತಿಗೆ ನನ್ನಲ್ಲಿ ಒಂದು ಉತ್ತರವಿದೆ. ನಮ್ಮ ಮನೆತನ ಮೂಲದಲ್ಲಿ ಸೂಪಾದ್ದು. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಊರು ಮುಳುಗಿತು, ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಹೋಯಿತು, ನಮ್ಮವರಲ್ಲಿ ಕೆಲವರು ರಾಮನಗರಕ್ಕೆ, ಕೆಲವರು ಕಾರವಾರಕ್ಕೆ ಬಂದರು. ಎರಡು ವರ್ಷಗಳ ಹಿಂದೆ ಮಗನ ಮನೆಗೆ ಹೋದಾಗ, ಒಟ್ಟಾವಾದಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆಯ ದಾರಿಯಲ್ಲಿ, ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿ ನಾನು ನೋಡಿದ್ದನ್ನು ಇಲ್ಲಿ ಬರೆಯುತ್ತೇನೆ.

ಹಡಗುಗಳು ಸಮುದ್ರದಿಂದ ಮಹಾಸರೋವರಗಳವರೆಗೆ ಸಾಗಬೇಕು, ವಿದ್ಯುತ್ತೂ ಬೇಕು ಎಂದು 1950ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕ ಸೇರಿ ಆ ನದಿಗೆ ಅಣೆಕಟ್ಟು ಕಟ್ಟಿದವು. 1958ರ ಜುಲೈ 1ರಂದು, ಎಂದರೆ ಆ ದೇಶದ ರಾಷ್ಟ್ರೀಯ ದಿನದಂದೇ, ತಾತ್ಕಾಲಿಕ ಒಡ್ಡನ್ನು ಸಿಡಿಮದ್ದಿನಿಂದ ಒಡೆದು ನೀರು ಬಿಟ್ಟರು. ಕೆಲವೇ ದಿನಗಳಲ್ಲಿ ಕೆರೆ ತುಂಬಿತು. ಆಲ್ಟ್ಸ್‌ವಿಲ್, ವೇಲ್ಸ್, ಮೂಲಿನೆಟ್, ಮಿಲ್ ರೋಶ್, ಡಿಕಿನ್ಸನ್ಸ್ ಲ್ಯಾಂಡಿಂಗ್ ಮುಂತಾದ ಹತ್ತು ಊರುಗಳು ಇಲ್ಲವಾದವು. ಸುಮಾರು 6,500 ಜನರು ಮನೆ ಬಿಟ್ಟರು. ಐನೂರಕ್ಕೂ ಹೆಚ್ಚು ಮನೆಗಳನ್ನು ಇಡಿಯಾಗಿ ಎತ್ತಿ, ದೊಡ್ಡ ಗಾಡಿಗಳ ಮೇಲೆ ಸಾಗಿಸಿ, ಇಂಗಲ್‌ಸೈಡ್ ಮತ್ತು ಲಾಂಗ್ ಸೂ ಎಂಬ ಹೊಸ ಊರುಗಳಲ್ಲಿ ಇಳಿಸಿದರು. ಅಕ್ವೆಸಾಸ್ನೆಯ ಮೊಹಾಕ್ ಎಂಬ ಮೂಲನಿವಾಸಿ ಜನರ ನೆಲವೂ ಆ ಯೋಜನೆಯಲ್ಲಿ ಹೋಯಿತು.

ಲಾಂಗ್ ಸೂ ಹತ್ತಿರ ಆಲ್ಟ್ ಉದ್ಯಾನದಲ್ಲಿ ಕಳೆದುಹೋದ ಊರುಗಳ ವಸ್ತುಸಂಗ್ರಹಾಲಯವಿದೆ. ಹಳೆಯ ಕಟ್ಟಡಗಳನ್ನು ತಂದು ನಿಲ್ಲಿಸಿದ್ದಾರೆ, ಮುಳುಗಿದ ಬೀದಿಗಳ ಚಿತ್ರಗಳನ್ನು ಇಟ್ಟಿದ್ದಾರೆ. ನಾನು ಹೋದ ದಿನ ಒಬ್ಬ ವೃದ್ಧೆ ನಕ್ಷೆಯ ಮೇಲೆ ನೀರಿನ ನೀಲಿ ಬಣ್ಣದ ನಡುವೆ ಬೆರಳಿಟ್ಟು, ಇಲ್ಲಿ ನಮ್ಮ ಮನೆ ಎಂದರು. ಇತ್ತು ಎನ್ನಲಿಲ್ಲ, ನಮ್ಮ ಮನೆ ಎಂದಷ್ಟೇ ಅಂದರು. ನನ್ನ ತಾಯಿಯೂ ಸೂಪಾದ ಬಗ್ಗೆ ಹಾಗೆಯೇ ಮಾತನಾಡುತ್ತಿದ್ದರು. ನಾನು ನನ್ನ ಊರಿನ ಕಥೆ ಹೇಳಿದೆ. ಇಬ್ಬರೂ ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದೆವು. ಲಾಂಗ್ ಸೂ ಪಾರ್ಕ್‌ವೇ ಎಂಬ ರಸ್ತೆ ದ್ವೀಪದಿಂದ ದ್ವೀಪಕ್ಕೆ ಹೋಗುತ್ತದೆ; ಆ ದ್ವೀಪಗಳೆಲ್ಲ ಮುಳುಗಡೆಗೆ ಮುಂಚಿನ ದಿನ್ನೆಗಳ ನೆತ್ತಿಗಳು ಎಂಬುದನ್ನು ತಿಳಿದು ನೋಡಬೇಕು.

ಹತ್ತಿರದ ಮಾರಿಸ್‌ಬರ್ಗ್‌ನಲ್ಲಿ ಅಪ್ಪರ್ ಕೆನಡಾ ವಿಲೇಜ್ ಇದೆ. ಮುಳುಗಡೆಯ ಪ್ರದೇಶದಿಂದ ಉಳಿಸಿ ತಂದ ಅನೇಕ ಕಟ್ಟಡಗಳನ್ನು ಸೇರಿಸಿ 1961ರಲ್ಲಿ ತೆರೆದ ಈ ಹಳ್ಳಿಯಲ್ಲಿ 1860ರ ದಶಕದ ಬದುಕನ್ನು ತೋರಿಸುತ್ತಾರೆ. ಹಿಟ್ಟಿನ ಗಿರಣಿ, ನೀರಿನ ಬಲದಿಂದ ಮರ ಕೊಯ್ಯುವ ಗಿರಣಿ, ಕಮ್ಮಾರನ ಕುಲುಮೆ, ನೇಯ್ಗೆ ಎಲ್ಲವನ್ನೂ ಅಂದಿನ ಉಡುಪು ತೊಟ್ಟವರು ನಿಜವಾಗಿ ಮಾಡುತ್ತಾರೆ. ಕೃಷಿಕರಾದ ನಿಮ್ಮ ಅಪ್ಪಯ್ಯನವರಿಗೆ ಒಂದು ದಿನ ಸಾಲದು. ತೊಡಕು ಒಂದೇ: ಈ ಎರಡೂ ಸ್ಥಳಗಳು ಮಾರ್ಚ್‌ನಲ್ಲಿ ಮುಚ್ಚಿರುತ್ತವೆ. ಗ್ರಾಮ ಮೇ ಉತ್ತರಾರ್ಧದ ಹೊತ್ತಿಗೆ, ಸಂಗ್ರಹಾಲಯ ಬೇಸಿಗೆಯಲ್ಲಿ ತೆರೆಯುತ್ತವೆ. ಹಿರಿಯರನ್ನು ಜೂನ್‌ವರೆಗೆ ಉಳಿಸಿಕೊಳ್ಳಲು ಸಾಧ್ಯವೇ ನೋಡಿ.

ಅಘನಾಶಿನಿ (ಕುಮಟಾ, ಈಗ ಒಟ್ಟಾವಾ) ಬರೆದ ಉತ್ತರ

ಮೇಲೆ ಉತ್ತರ ಬರೆದ ಇಬ್ಬರ ಮಾತನ್ನೂ ಒಪ್ಪುತ್ತಾ ಒಂದು ಎಚ್ಚರಿಕೆ ಸೇರಿಸುತ್ತೇನೆ. ಮಾರ್ಚ್ ಮೊದಲ ವಾರಗಳಲ್ಲಿ ಕಾಲುದಾರಿಯ ಮೇಲೆ ಹಗಲು ಕರಗಿದ ನೀರು ರಾತ್ರಿ ಗಾಜಿನಂತೆ ಹೆಪ್ಪುಗಟ್ಟಿರುತ್ತದೆ. ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿಯನ್ನು ಬಂದ ದಿನವೇ ಕೊಳ್ಳಿ, ಸಾಧ್ಯವಾದರೆ ತಿಂಗಳ ಕೊನೆಯ ವಾರಕ್ಕೆ ಬನ್ನಿ. ಪಾಕದ ಕೆಲಸ ಆಗಲೂ ನಡೆದಿರುತ್ತದೆ. ಸಾಮಾನ್ಯ ಸಂದರ್ಶಕ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಅವಕಾಶವಿರುವುದರಿಂದ ಜೂನ್‌ವರೆಗೆ ಉಳಿಯುವುದು ಕಷ್ಟವಾಗದು. ಆರೋಗ್ಯ ವಿಮೆ ಇಲ್ಲದೆ ಮಾತ್ರ ಹೊರಡಬೇಡಿ.

ಚಳಿಯ ದಿನಗಳಿಗೆ ನದಿಯಾಚೆ ಗಾಟಿನೋದಲ್ಲಿರುವ ಕೆನಡಾದ ಇತಿಹಾಸ ಸಂಗ್ರಹಾಲಯ ಸರಿಯಾದದ್ದು. ಮೂಲನಿವಾಸಿ ಮೂಲದ ವಾಸ್ತುಶಿಲ್ಪಿ ಡಗ್ಲಸ್ ಕಾರ್ಡಿನಲ್ ರೂಪಿಸಿದ ಆ ಕಟ್ಟಡದ ಮಹಾಂಗಣದಲ್ಲಿ ಪಶ್ಚಿಮ ಕರಾವಳಿಯ ಜನರ ಎತ್ತರದ ಕೆತ್ತನೆಯ ಕಂಬಗಳು ನಿಂತಿವೆ, ಗಾಲಿಕುರ್ಚಿಯೂ ದೊರೆಯುತ್ತದೆ. ಏಪ್ರಿಲ್ ಕೊನೆಗೆ ರೈಲಿನಲ್ಲಿ ಕ್ವಿಬೆಕ್ ನಗರಕ್ಕೆ ಹೋಗಿ. 1608ರಲ್ಲಿ ಫ್ರೆಂಚ್ ಅನ್ವೇಷಕ ಶಾಂಪ್ಲೇನ್ ನೆಲೆಯೂರಿದ ಆ ಊರಿನ ಕೋಟೆಗೋಡೆ ಇಂದಿಗೂ ನಿಂತಿದೆ. 1985ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕೆಳಪೇಟೆಯಿಂದ ಮೇಲ್ಪೇಟೆಗೆ ಹಳಿಯ ಮೇಲೆ ಏರುವ ಬಂಡಿ ಇರುವುದರಿಂದ ಮಂಡಿನೋವಿನವರಿಗೂ ತೊಂದರೆಯಿಲ್ಲ. ಮೇ ತಿಂಗಳಲ್ಲಿ ಒಟ್ಟಾವಾದಲ್ಲೇ ಟುಲಿಪ್ ಹೂಗಳ ಉತ್ಸವ. ಎರಡನೆಯ ಮಹಾಯುದ್ಧದಲ್ಲಿ ಆಶ್ರಯ ಪಡೆದ ನೆದರ್ಲೆಂಡ್ಸ್‌ನ ರಾಜಮನೆತನ 1945ರಲ್ಲಿ ಕೃತಜ್ಞತೆಯಿಂದ ಕಳಿಸಿದ ಒಂದು ಲಕ್ಷ ಗೆಡ್ಡೆಗಳಿಂದ ಆರಂಭವಾದ ಸಂಪ್ರದಾಯವದು.

ಬೆಟ್ಟದಂಚು ಮತ್ತೆ ಬರೆದದ್ದು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ನಿನ್ನೆ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿದೆ. ಮುಳುಗಿದ ಊರುಗಳ ಭಾಗ ಬಂದಾಗ ಅಪ್ಪಯ್ಯ ಇನ್ನೊಮ್ಮೆ ಓದು ಎಂದರು. ಶರಾವತಿ ಮುಳುಗಡೆಯಲ್ಲಿ ಅವರ ಸೋದರತ್ತೆಯ ಮನೆ ಹೋದದ್ದು ನನಗೆ ನಿನ್ನೆಯವರೆಗೆ ತಿಳಿದಿರಲಿಲ್ಲ. ಮಾರ್ಚ್ ಕೊನೆಗೆ ಹೊರಟು, ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧ ಹೊಡೆಯುವ ಕೆಲಸವನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಜೂನ್ ಮುಗಿಯುವವರೆಗೆ ಇರುವುದೆಂದು ತೀರ್ಮಾನವಾಯಿತು. ಆಯಿ ಮಾತ್ರ, ಅಲ್ಲಿ ಹದ ನೋಡುವವರಿಗೆ ಕೊಡಲು ನಮ್ಮ ಮನೆಯ ಜೋನಿ ಬೆಲ್ಲವನ್ನು ಒಯ್ಯಲೇಬೇಕು ಎನ್ನುತ್ತಿದ್ದಾರೆ. ಅದಕ್ಕೆ ಅಡ್ಡಿಯಿದೆಯೇ?

ಯಲ್ಲಾಪುರದವಳು ಬರೆದ ಉತ್ತರ

ಯಾವುದೇ ತಿನಿಸನ್ನು ತಂದರೂ ವಿಮಾನ ನಿಲ್ದಾಣದಲ್ಲಿ ತಂದಿದ್ದೇವೆಂದು ಘೋಷಿಸುವುದು ಕಡ್ಡಾಯ, ಮುಚ್ಚಿಟ್ಟರೆ ದಂಡ. ಬಿಡುವುದೋ ಇಲ್ಲವೋ ಎಂಬುದನ್ನು ಅಧಿಕಾರಿಗಳೇ ನಿರ್ಧರಿಸುತ್ತಾರೆ. ಬೀಜ, ಗಿಡ, ಹಸಿ ಹಣ್ಣುಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು, ಆದ್ದರಿಂದ ಅವನ್ನು ತರಬೇಡಿ. ಜೋನಿ ಬೆಲ್ಲ ದ್ರವದ ಲೆಕ್ಕಕ್ಕೆ ಬರುವುದರಿಂದ ಕೈಚೀಲದಲ್ಲಿ ಇಡುವಂತಿಲ್ಲ. ಸಣ್ಣ ಸ್ಟೀಲ್ ಡಬ್ಬಕ್ಕೆ ತುಂಬಿ, ಮುಚ್ಚಳದ ಸುತ್ತ ಟೇಪ್ ಬಿಗಿದು, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ. ಡಬ್ಬವನ್ನು ಕುತ್ತಿಗೆಯವರೆಗೆ ತುಂಬಬೇಡಿ. ನಮ್ಮ ಮನೆಯಲ್ಲಿ ಒಮ್ಮೆ ಹಾಗೆ ಮಾಡಿ ರೇಷ್ಮೆ ಸೀರೆಯೊಂದು ಹಾಳಾಗಿದೆ. ಮಾಂಟ್ರಿಯಲ್ ಕಡೆ ಬಂದಾಗ ತಿಳಿಸಿ. ನಾನು ಪ್ರತಿವರ್ಷ ಹೋಗುವ ಗುಡಿಸಲಿನಲ್ಲಿ ಹದ ನೋಡುವ ಅಜ್ಜನಿಗೆ ಫ್ರೆಂಚ್ ಬಿಟ್ಟು ಬೇರೆ ಭಾಷೆ ಬಾರದು. ನಿಮ್ಮ ಆಯಿಯವರ ಮಾತನ್ನು ನಾನು ತಿಳಿಸಿ ಹೇಳುತ್ತೇನೆ.